ಕೂಲರ್ ಅಂಗಡಿ ರಿವ್ಯೂ: ರೇಟ್ ಇಳಸಂಗಿಲ್ಲ ಅಂತಾರ, ಆದ್ರೂ ಇಲ್ಲೇ ತಗೊಂಡ್ವಿ

ಮೊದಲೇ ಹೇಳಿಬಿಡ್ತೀನಿ, ಚೌಕಾಸಿ ಮಾಡಿ ರೇಟ್ ಇಳಿಸಿದ್ರೇನೇ ಸಮಾಧಾನ ಅನ್ನೋರು ಈ ಅಂಗಡಿ ಮೆಟ್ಲ ಹತ್ತಬ್ಯಾಡ್ರಿ. ಕೂಲರ್‌ಗೆ ಅಂಟಿಸಿದ ಚೀಟಿ ಮ್ಯಾಲ ಏನ್ ಬರ್ದದ ಅದೇ ರೇಟ್, ನೂರು ರೂಪಾಯಿ ಬಿಡ್ರಿ ಹತ್ತು ರೂಪಾಯಿನೂ ಬಿಡಂಗಿಲ್ಲ, ಪರಿಚಯದೋರು ಬಂದ್ರೂ ಅಷ್ಟೇ, ನಾನ್ ಕೂತಾಗ ಅವರ ಸ್ವಂತ ಬೀಗರು ಬಂದಿದ್ರು, ಅವರಿಗೂ ಚಾ ತರಿಸಿ ಕೊಟ್ರು, ರೇಟ್ ಮಾತ್ರ ಅದೇ. ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲ್ಯಾಗ ಅದ ಅಂಗಡಿ, ಸಣ್ಣದು, ಎರಡು ಶಟರ್. ಹೆಸರ ಇಲ್ಲಿ ಹಾಕಂಗಿಲ್ಲ ಯಾಕಂದ್ರ ಮಾಲಕರೇ ಬ್ಯಾಡಂದ್ರು, "ಏಪ್ರಿಲ್‌ದಾಗ ಗಿರಾಕಿ ಇನ್ನಾ ಜಾಸ್ತಿ ಆದ್ರ ಹುಡುಗೂರು ಸಾಲಂಗಿಲ್ರಿ, ಆಮ್ಯಾಲ ನೀವೇ ಬೈತೀರಿ" ಅಂದ್ರು. ಎಲ್ಲಾರೂ ಅವರಿಗಿ ಕಾಕಾ ಅಂತಾರ, ನಾನೂ ಹಂಗೇ ಅಂತೀನಿ. ಸ್ಟಾರ್ ಕೊಡಬೇಕಂದ್ರ ಐದಕ್ಕ ನಾಕೂವರಿ, ಅರ್ಧ ಯಾಕ ಕಡದೀನಿ ಅಂತ ಕೆಳಗ ಬರ್ತಾದ.

ನಮ್ಮ ಊರಿನ ಕೂಲರ್ ಬಜಾರ್ ಗೊತ್ತಿಲ್ಲದೋರಿಗಿ ಒಂದು ಮಾತು. ಹೋಳಿ ಮುಗದು ಶರಣಬಸವೇಶ್ವರ ಜಾತ್ರಿ ಟೈಮ್ ಬಂತಂದ್ರ ಸಾಕು, ರೋಡ್ ರೋಡಿಗಿ ತಗಡಿನ ಕೂಲರ್ ಸಾಲು ಹಚ್ತಾರ, ಹುಲ್ಲಿನ ಪ್ಯಾಡ್ ಕಟಗೊಂಡು ಕೂತಿರ್ತಾರ, ದೊಡ್ಡ ಶೋರೂಮಿನೋರು ಇಷ್ಟು ಪರ್ಸೆಂಟ್ ಆಫ್ ಅಷ್ಟು ಪರ್ಸೆಂಟ್ ಆಫ್ ಅಂತ ಬ್ಯಾನರ್ ಬಿಡ್ತಾರ. ಏಪ್ರಿಲ್ ಮೇ ಎರಡು ತಿಂಗಳು ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ತೆರದು ಮಧ್ಯಾಹ್ನ 1:30ಕ್ಕ ಮುಚ್ಚೋ ಊರಿದು, 42-43 ಡಿಗ್ರಿ ಅಂದ್ರ ನಮಗ ಸುದ್ದೀನೇ ಅಲ್ಲ, ಕೂಲರ್ ಇಲ್ದ ಮನಿ ಹುಡುಕಬೇಕು. ಅಷ್ಟು ಗಿರಾಕಿ ಇದ್ರೂ ಅಂಗಡ್ಯಾಂವರು ಒಬ್ರಕಿಂತ ಒಬ್ರು ಇನ್ನೂರು ಕಮ್ಮಿ, ಮುನ್ನೂರು ಕಮ್ಮಿ ಅಂತ ತಮ್ ತಮ್ಮೊಳಗೇ ಬಡದಾಡ್ತಾರ. ಮತ್ತ ಮೊಬೈಲ್‌ದಾಗ ನೋಡಿದ್ರ ಅಲ್ಲಿ ಇನ್ನಾ ಐನೂರು ಕಮ್ಮಿ. ಇಂಥಾದ್ರಾಗ ಈ ಕಾಕಾ ಒಬ್ರು ರೇಟ್ ಹಿಡಕೊಂಡು ಕೂತಾರಂದ್ರ ಒಂದೋ ತಲಿ ಕೆಟ್ಟದ, ಇಲ್ಲಂದ್ರ ಬ್ಯಾರೆ ಏನೋ ಲೆಕ್ಕ ಅದ ಅಂತ ಅನ್ನಸ್ತದಲ್ಲಾ, ಲೆಕ್ಕ ಅದ.

ನಾವು ಹೋದಾಗ ಕಾಕಾ ಕೂಲರ್ ತೋರಿಸಲೇ ಇಲ್ಲ ಮೊದಲಿಗಿ. ಕುಂದ್ರಿಸಿ ಕೇಳ್ಲಿಕ್ಕೆ ಶುರು ಮಾಡಿದ್ರು, ಖೋಲಿ ಎಷ್ಟು ಬೈ ಎಷ್ಟು, ಮ್ಯಾಲ ಸ್ಲ್ಯಾಬ್ ಏನು ಶಾಬಾದಿ ಕಲ್ಲಿನ ಮಾಳಗಿ ಏನು, ಕಿಟಕಿ ಯಾವ ದಿಕ್ಕಿಗಿ, ಎದುರಿಗಿ ಇನ್ನೊಂದು ಕಿಟಕಿ ಅಥವಾ ಬಾಗಲಾ ಅದ ಏನು, ನೀರು ಬೋರಿಂದೋ ನಳದ್ದೋ. ನಮ್ಮನಿಯವ್ರು ನನ್ನ ಕಡಿ ನೋಡಿದ್ರು, ಕೂಲರ್ ತಗೊಳ್ಳಾಕ ಬಂದೀವೋ ಜನಗಣತಿಗಿ ಬಂದೀವೋ ಅಂತ. ಆಮ್ಯಾಲ ಕಾಕಾ ಹಳೆ ಬಿಲ್ ಹಿಂದ ಲೆಕ್ಕ ಹಾಕಿ ತೋರಿಸಿದ್ರು: ಖೋಲಿ ಉದ್ದ 15 ಫೂಟ್, ಅಗಲ 12, ಎತ್ತರ 10, ಗುಣಿಸಿದ್ರ 1800, ಅದರ ಅರ್ಧ 900, ಅಂದ್ರ ಮಿನಿಟಿಗಿ 900 ಘನ ಫೂಟ್ ಗಾಳಿ ಒಗಿಯೋ ಕೂಲರ್ ಸಾಕು, ಎರಡು ಮಿನಿಟಿಗೊಮ್ಮೆ ಖೋಲಿ ಗಾಳಿ ಪೂರಾ ಬದಲಾಗ್ತದ. ಕಲ್ಲಿನ ಮಾಳಗಿ ಇದ್ರ ಸಂಜಿಮುಂದ ಕಾದ ಕಲ್ಲು ಝಳ ಬಿಡ್ತದ, ಅದಕ್ಕ ಒಂಚೂರು ಜಾಸ್ತಿ ಹಿಡೀರಿ ಅಂದ್ರು. ನಮ್ಮನಿಯವ್ರಿಗಿ ಮನಸ್ಸಿದ್ದದ್ದು ಮೂಲ್ಯಾಗ ನಿಂತ ದೊಡ್ಡ ಕೂಲರ್ ಮ್ಯಾಲ, ಬೀರು ಅಷ್ಟು ಅದ ಅದು. ಕಾಕಾ ಬ್ಯಾಡಂದ್ರು. ನಿಮ್ಮ ಖೋಲಿಗಿ ಅದು ಹಚ್ಚಿದ್ರ ಗದ್ದಲ ಜಾಸ್ತಿ, ನೀರು ಜಾಸ್ತಿ, ಹಾಸಿಗಿ ಎಲ್ಲಾ ತಣ್ಣಗ ಅಲ್ಲ ತೊಯ್ದಂಗ ಆಗ್ತದ ಅಂತ ಹೇಳಿ, ಅದಕ್ಕಿಂತ ಎರಡು ಸಾವಿರ ಕಮ್ಮಿ ರೇಟಿಂದು ತೋರಿಸಿದ್ರು. ನೋಡ್ರಿ ಇಲ್ಲೇ ಮಜಾ ಇರೋದು, ಹತ್ತು ರೂಪಾಯಿ ಬಿಡಲ್ಲ ಅಂದ ಮನಷ್ಯ ತಾನೇ ನಮ್ಮ ಎರಡು ಸಾವಿರ ಉಳಿಸಿದ. ಯಾವ ಬ್ಯಾನರ್ ಶೋರೂಮ್‌ದಾಗ ಸೇಲ್ಸ್ ಹುಡುಗ ಹಿಂಗ ಹೇಳ್ತಾನ?

ಹಂಗಂತ ಸಸ್ತಾ ಅಂತ ತಿಳ್ಕೋಬ್ಯಾಡ್ರಿ. ನಾವು ತಗೊಂಡದ್ದು 9,800. ಅದೇ ಸೈಜಿಂದು ಸ್ಟೇಶನ್ ರೋಡ್ ಕಡಿ 9,000ಕ್ಕ ಸಿಗ್ತಿತ್ತು, ಕೇಳಿಕೊಂಡೇ ಬಂದಿದ್ವಿ. ಎಂಟು ನೂರು ಫರಕ. ಇದರಾಗ ಮೋಟರ್ ಕಾಪರ್ ವೈಂಡಿಂಗ್, ಅಂದ್ರ ಒಳಗ ಸುತ್ತಿದ ತಂತಿ ತಾಮ್ರದ್ದು, ಅದನ್ನ ಬಿಲ್ ಮ್ಯಾಲೇ ಬರದು ಕೊಡ್ತಾರ, ಅಲ್ಯೂಮಿನಿಯಂ ಆದ್ರ ಜಲ್ದಿ ಬಿಸಿ ಆಗ್ತದ ಅಂತ ಗೊತ್ತಲ್ಲ. ಅಲ್ಲಿ ಕೇಳಿದ್ರ "ಕಾಪರೇ ಇರ್ತದ ಸರ್" ಅಂತ ಬಾಯಾಗ ಅಂದ್ರು, ಬಿಲ್ ಮ್ಯಾಲ ಬರೀರಿ ಅಂದ್ರ ಫೋನ್ ನೋಡ್ಕೋತ ನಿಂತ್ರು.

ಈಗ ಫಿಟಿಂಗ್ ವಿಷಯ. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ ಯಾಕಂದ್ರ ಎಂಟು ನೂರು ಇಲ್ಲೇ ವಸೂಲ್ ಆಯ್ತು. ಎರಡನೇ ದಿನ ಮುಂಜಾನಿ ಇಬ್ಬರು ಹುಡುಗೂರು ಬಂದ್ರು, ಕೂಲರ್, ಕಬ್ಬಿಣದ ಸ್ಟ್ಯಾಂಡ್, ಕಿಟಕಿ ಸುತ್ತ ಸಂದಿ ಮುಚ್ಚಲಿಕ್ಕೆ ಶೀಟ್ ಎಲ್ಲಾ ಅವರೇ ತಂದಿದ್ರು. ಕೂಲರ್ ಇಳಿಸೋಕಿಂತ ಮೊದಲು ಒಬ್ಬಂವ ಬಲ್ಬ್ ಕಟ್ಟಿದ ಎರಡು ವಾಯರ್ ತೆಗದು ನಮ್ಮ ಪ್ಲಗ್ ಪಾಯಿಂಟಿನ ಫೇಸಿಗೂ (ಕರೆಂಟ್ ಬರೋ ತೂತು) ಅರ್ಥಿಂಗಿಗೂ (ಲೀಕ್ ಆದ ಕರೆಂಟ್ ನೆಲಕ್ಕ ಇಳಿಸೋ ಮೂರನೇ ತೂತು) ಹಿಡದು ನೋಡ್ದ, ಬಲ್ಬ್ ಹತ್ತಲೇ ಇಲ್ಲ. ಅಂದ್ರ ಮೂರು ಪಿನ್ನಿನ ಪ್ಲಗ್ ಗೋಡಿ ಮ್ಯಾಲ ಅದ, ಆದ್ರ ಮೂರನೇ ಪಿನ್ನಿಗಿ ವಾಯರೇ ಇಲ್ಲ, ಶೋಕಿಗಿ ಇಟ್ಟಿದ್ದು. ತಗಡಿನ ಬಾಡಿ, ಒಳಗ ನೀರು, ಒಳಗೇ ಪಂಪು ಮೋಟರು, ಕೆಳಗ ಹಸಿ ಫರಸಿ ಮ್ಯಾಲ ಬರಿಗಾಲಲೆ ನಿಂತು ಪೈಪ್ ಹಿಡದು ನೀರು ತುಂಬ್ತೀವಿ, ಅರ್ಥಿಂಗ್ ಇಲ್ಲಂದ್ರ ಏನಾಗ್ತದ ನೀವೇ ವಿಚಾರ ಮಾಡ್ರಿ. ಬ್ಯಾಸಗ್ಯಾಗ ಕೂಲರ್ ಶಾಕ್ ಹೊಡದು ಸತ್ತ ಸುದ್ದಿ ನಮ್ಮ ಕಡಿ ಪೇಪರ್‌ದಾಗ ಓದೇ ಓದ್ತೀವಿ. ಆ ಹುಡುಗ ಕಾಕಾಗ ಫೋನ್ ಹಚ್ಚಿದ, ಕಾಕಾ ಹೇಳಿದ್ರು ಅರ್ಥಿಂಗ್ ಆಗೋತನಕ ಚಾಲೂ ಮಾಡಿ ಕೊಡಬ್ಯಾಡ ಅಂತ. ನಮ್ಮನಿಯವ್ರಿಗಿ ಸಿಟ್ಟು ಬಂತು, ಹೊರಗ ಧಗಿ ಅಂದ್ರ ಧಗಿ, ಕೂಲರ್ ಎದುರಿಗೇ ಕೂತದ, ಹಚ್ಚಂಗಿಲ್ಲ ಅಂತಾರ! ಮಧ್ಯಾಹ್ನ ಎಲೆಕ್ಟ್ರಿಶಿಯನ್ ಬಂದು ವಾಯರ್ ಎಳದ ಮ್ಯಾಲ ಹುಡುಗ ವಾಪಸ್ ಬಂದು ಮತ್ತ ಬಲ್ಬ್ ಹಚ್ಚಿ ನೋಡಿ ಆಮ್ಯಾಲ ಸ್ವಿಚ್ ಒತ್ತಿದ. ಮೇನ್ ಬೋರ್ಡಿಗಿ 30 ಮಿಲಿ ಆಂಪಿಯರಿಂದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರ ತಾನೇ ಬಂದ್ ಮಾಡೋ ಸ್ವಿಚ್) ಕೂಡಿಸಿಕೊಳ್ರಿ ಅಂತನೂ ಹೇಳ್ದ. ಅದನ್ನ ಅವರು ಮಾರಂಗಿಲ್ಲ, ಬ್ಯಾರೆ ಅಂಗಡ್ಯಾಗ ತಗೊಳ್ರಿ ಅಂದ.

ಮತ್ತೊಂದು ಕೆಲಸ ಮಾಡ್ದ ಆ ಹುಡುಗ. ಕೂಲರ್ ಚಾಲೂ ಆದ ಕೂಡ್ಲೇ ನಮ್ಮವ್ವ ಎದ್ದು ಬಾಗಲಾ ಹಾಕಿದ್ಳು, ತಂಪು ಹೊರಗ ಹೋಗ್ತದ ಅಂತ. ಅಂವ "ಅಮ್ಮಾ ತೆಗೀರಿ, ಇದು ಏಸಿ ಅಲ್ಲ" ಅಂತ ಎದುರಿನ ಬಾಗಲಾ ಅರ್ಧ ತೆಗಸ್ದ. ಖರೇನೇ, ಹತ್ತು ಮಿನಿಟಿನಾಗ ಫರಕ ಗೊತ್ತಾಯ್ತು. ಕೂಲರ್ ಗಾಳಿನ್ನ ತಂಪು ಮಾಡೋದು ನೀರು ಆರಿಸಿ, ಒಣ ಗಾಳಿ ಹಸಿ ಪ್ಯಾಡ್ ದಾಟಿ ಬರುವಾಗ ನೀರು ಆವಿ ಆಗ್ತದ, ಆ ಆವಿಗಿ ಬೇಕಾದ ಬಿಸಿ ಗಾಳಿಯೊಳಗಿಂದೇ ಹೋಗ್ತದ. ಆ ಹಸಿ ಗಾಳಿಗಿ ಹೊರಗ ಹೋಗಾಕ ದಾರಿ ಇಲ್ಲಂದ್ರ ಖೋಲ್ಯಾಗೇ ತುಂಬ್ತದ, ಅದೇ ಹಸಿ ಗಾಳಿ ತಿರುಗಿ ತಿರುಗಿ ಪ್ಯಾಡಿಗಿ ಬಂದ್ರ ನೀರು ಆರಂಗಿಲ್ಲ, ತಂಪೂ ಇಲ್ಲ, ಮೈ ಜಿಗಿಜಿಗಿ. ಒಣ ಬಿಸಲು 42 ಡಿಗ್ರಿ ಇದ್ದಾಗ ಚಲೋ ಪ್ಯಾಡ್ ಇದ್ರ ಕೂಲರ್ ಬಾಯಾಗಿಂದ ಬರೋ ಗಾಳಿ ಹತ್ತು ಹನ್ನೆರಡು ಡಿಗ್ರಿ ಕಮ್ಮಿ ಇರ್ತದ. ಅದೇ ಜೂನ್‌ದಾಗ ಮಳಿ ಶುರು ಆದ ಮ್ಯಾಲ ಎಷ್ಟು ದೊಡ್ಡ ಕೂಲರ್ ಇದ್ರೂ ಅಷ್ಟು ಇಳ್ಯಂಗಿಲ್ಲ, ಮಂಗಳೂರಾಗ ಇರೋ ನಮ್ಮ ತಂಗಿ ಇಂಥಾದೊಂದು ಒಯ್ದು ಹಚ್ತೀನಿ ಅಂದಾಗ ನಾವೇ ನಕ್ಕಿದ್ವಿ. ಇಷ್ಟು ವರ್ಷ ಕೂಲರ್ ಬಳಸಿದ ಮನಿ ನಮ್ದು, ಈ ಬಾಗಲಾದ ಮಾತು ಒಬ್ಬ ಅಂಗಡ್ಯಾಂವನೂ ಹೇಳಿದ್ದಿಲ್ಲ. ಹೇಳಾಕ ರೊಕ್ಕ ಹತ್ತಂಗಿಲ್ಲ, ಆದ್ರೂ ಹೇಳಂಗಿಲ್ಲ.

ನಮ್ಮ ಊರಾಗ ಕೂಲರ್ ಕೊಲ್ಲೋದು ಬೋರ್ ನೀರು. ನಳದ ನೀರು ದಿನಾ ಬರಂಗಿಲ್ಲ, ಬಂದದ್ದು ಕುಡ್ಯಾಕ ಅಡಗಿಗಿ, ಕೂಲರಿಗಿ ಬೋರಿಂದೇ ಗತಿ. ನೀರು ಆರ್ತದ, ಉಪ್ಪು ಅಲ್ಲೇ ಉಳೀತದ, ಮೇ ತಿಂಗಳ ಬರೋದ್ರೊಳಗ ಪ್ಯಾಡ್ ಬೆಳ್ಳಗ ಗಟ್ಟಿ, ಪಂಪಿನ ಬಾಯಿ ಬಂದ್, ನೀರು ಅರ್ಧ ಪ್ಯಾಡಿಗಿ ಏರ್ತದ ಅರ್ಧ ಒಣಾ ಇರ್ತದ. ಕಾಕಾ ಕೊಟ್ಟ ಚೀಟಿ ಮ್ಯಾಲ ಕನ್ನಡದಾಗ ಬರದಾರ, ವಾರಕ್ಕೊಮ್ಮೆ ಟಾಕಿ ಪೂರಾ ಖಾಲಿ ಮಾಡ್ರಿ, ತಳದ ನೀರು ಚೆಲ್ರಿ, ತಿಕ್ಕಿ ತೊಳೀರಿ, ಮ್ಯಾಲ ಮ್ಯಾಲ ನೀರು ತುಂಬ್ಕೋತ ಹೋಗಬ್ಯಾಡ್ರಿ. ಇದರಾಗ ಡೆಂಗಿ ವಿಷಯನೂ ಅದ, ಆ ಸೊಳ್ಳಿ ಹಿಂಗ ನಿಂತ ಸ್ವಚ್ಛ ನೀರಾಗೇ ತತ್ತಿ ಇಡ್ತದ, ತತ್ತಿ ಸೊಳ್ಳಿ ಆಗ್ಲಿಕ್ಕೆ ವಾರ ಹತ್ತು ದಿನ ಸಾಕು, ವಾರಕ್ಕೊಮ್ಮೆ ಒಣಗಿಸಿದ್ರ ಮುಗೀತು. ಪ್ಯಾಡ್ ವಿಷಯದಾಗೂ ಹನಿಕೋಂಬೇ (ಜೇನುಗೂಡಿನಂಗ ತೂತು ಇರೋ ಪ್ಯಾಡ್) ತಗೊಳ್ರಿ ಅಂತ ಜಬರದಸ್ತಿ ಮಾಡ್ಲಿಲ್ಲ, ಹುಲ್ಲಿಂದು ಸಸ್ತಾ ಆದ್ರ ವರ್ಷಾ ಬದಲಾಯಿಸಬೇಕು, ಹನಿಕೋಂಬ್ ಎರಡು ಮೂರು ವರ್ಷ ಬರ್ತದ ಆದ್ರ ನಿಮ್ಮ ನೀರಿಗಿ ತೊಳಿಯೋದು ತಪ್ಪಿದ್ರ ಒಂದೇ ವರ್ಷಕ್ಕ ಕಲ್ಲು, ಯಾವದು ಬೇಕು ನೀವು ಹೇಳ್ರಿ ಅಂದ್ರು.

ಇನ್ನ ಇವರ ಖಾಸ್ ಸ್ಕೀಮ್, ಫೆಬ್ರವರಿ ಸರ್ವಿಸ್. ಕೂಲರ್ ತಗೊಂಡ ಮ್ಯಾಲ ಮುಂದಿನ ಎರಡು ಫೆಬ್ರವರಿ ಅವರೇ ಫೋನ್ ಮಾಡಿ ಮನಿಗಿ ಬರ್ತಾರ, ಪ್ಯಾಡ್ ಬಿಚ್ಚಿ, ಉಪ್ಪು ತೆಗದು, ಪಂಪ್ ತೊಳದು, ಮೋಟರಿಗಿ ಎಣ್ಣಿ ಬಿಟ್ಟು, ಕಂಡೆನ್ಸರ್ ಚೆಕ್ ಮಾಡಿ ಹೋಗ್ತಾರ, ಮಜೂರಿ ಇಲ್ಲ, ಸಾಮಾನು ಬದಲಾಯಿಸಿದ್ರ ಅದರ ರೊಕ್ಕ ಅಷ್ಟೇ. ಈ ವರ್ಷ ನಮ್ಮನಿಗಿ ಬಂದು ಹೋದ್ರು, ಅದಕ್ಕೇ ಈ ರಿವ್ಯೂ ಈಗ ಬರಿಲಿಕತ್ತೀನಿ, ತಗೊಂಡ ವಾರಕ್ಕೇ ಐದು ಸ್ಟಾರ್ ಕೊಡೋದು ನನಗ ಬರಂಗಿಲ್ಲ. ನಮ್ಮ ಪಂಪ್ ಆವಾಜ್ ಬದಲಾಗಿತ್ತು, ಬುಶ್ ಸವದಿತ್ತಂತ, ಹಾಕಿ ಹೋದ್ರು. ಏಪ್ರಿಲ್‌ದಾಗ ಕೆಟ್ಟಿದ್ರ ಮಿಸ್ತ್ರಿ ಸಿಗೋದು ದೇವರು ಸಿಕ್ಕಂಗ.

ಇಷ್ಟೆಲ್ಲಾ ಫ್ರೀ ಮಾಡಿದ್ರ ನಿಮಗ ಏನ್ ಉಳೀತದ ಕಾಕಾ ಅಂತ ಕೇಳ್ದೆ. ಚಾ ಕುಡೀತ ಲೆಕ್ಕ ಹೇಳಿದ್ರು. ಹತ್ತು ಸಾವಿರದ ಕೂಲರ್ ಮಾರಿದ್ರ ಹದಿನೈದು ನೂರು ಉಳೀತದ ಅಂತ ಹಿಡೀರಿ, ಹತ್ತು ಪರ್ಸೆಂಟ್ ಡಿಸ್ಕೌಂಟ್ ಅಂದ್ರ ಗಿರಾಕಿಗಿ ಸಾವಿರ ಬಿಟ್ಟಂಗ, ಉಳಿಯೋದು ಐನೂರು. ಅಂದ್ರ ಮೊದಲಿನಷ್ಟೇ ಗಳಿಸಬೇಕಂದ್ರ ಒಂದರ ಜಾಗಾದಾಗ ಮೂರು ಮಾರಬೇಕು, ಮೂರು ಮಾರಿದ್ರ ಮೂರು ಇಳಸಬೇಕು, ಮೂರು ಮನಿ ಕಂಪ್ಲೇಂಟ್ ಕೇಳಬೇಕು. ಅದೇ ಫೆಬ್ರವರಿ ಸರ್ವಿಸಿಗಿ ಕೈಯಿಂದ ಹೋಗೋದು ಎಷ್ಟು? ಹುಡುಗೂರಿಗಿ ವರ್ಷಪೂರ್ತಿ ಪಗಾರ ಕೊಡೋದೇ ಅದ, ಸೀಜನ್ ಮುಗದ ಮ್ಯಾಲ ಬಿಟ್ಟು ಕಳಿಸಿದ್ರ ಮುಂದಿನ ಮಾರ್ಚಿಗಿ ಪುಣೆ ಹೈದರಾಬಾದ್ ಸೇರಿರ್ತಾರ, ಚಳಿಗಾಲ ಗೀಜರ್ ಮೋಟರ್ ವೈಂಡಿಂಗ್ ಅಂತ ತಳ್ಳಿದ್ರೂ ಫೆಬ್ರವರಿ ಅಂದ್ರ ಕೈ ಖಾಲಿ. ಆ ಖಾಲಿ ಕೈಗಿ ಕೆಲಸ ಕೊಟ್ಟಂಗಾಯ್ತು, ನನಗ ಪೆಟ್ರೋಲ್ ಖರ್ಚು ಅಷ್ಟೇ, ನಿಮಗ ಅದೇ ಕೆಲಸ ಹೊರಗ ಮಾಡಿಸಿದ್ರ ನಾಕೈದು ನೂರು, ಅಂದ್ರು. ನನಗ ಇದು ಭಾಳ ಹಿಡಿಸ್ತು. ತನಗ ಸಸ್ತಾ ಬೀಳೋದು, ಗಿರಾಕಿಗಿ ತುಟ್ಟಿ ಬೀಳೋದು ಯಾವದು ಅಂತ ನೋಡಿ ಅದನ್ನೇ ಕೊಡ್ಲಿಕತ್ಯಾನ ಮನಷ್ಯ. ನಗದಿ ಸಾವಿರ ಬಿಟ್ರ ಅವನಿಗೂ ಸಾವಿರನೇ ಹೋಗ್ತದ ನಮಗೂ ಸಾವಿರನೇ ಬರ್ತದ, ಮುಂದಿನ ವರ್ಷ ಅದು ಯಾರಿಗಿ ನೆನಪಿರ್ತದ? ಮತ್ತ ಸರ್ವಿಸಿಗಿ ಬಂದ ಹುಡುಗ ಮ್ಯಾಲಿನ ಮನಿ, ಬಾಜು ಮನಿ ಕೂಲರ್‌ನೂ ನೋಡಿ ಬರ್ತಾನ, ನಮ್ಮ ಓಣ್ಯಾಗ ಹಂಗೇ ಎರಡು ಆರ್ಡರ್ ತಗೊಂಡು ಹೋದ, ಕಾಕಾ ಏನ್ ದಾನ ಮಾಡ್ಲಿಕತ್ತಿಲ್ಲ.

ಇದರ ಬಾಜೂಕ ನಮ್ಮ ಮಾವನ ಕಥಿ ಇಡ್ತೀನಿ. ಅವರು ಹೋದ ವರ್ಷ ಬ್ಯಾರೆ ಒಂದು ಅಂಗಡ್ಯಾಗ, ಹೆಸರ ಬ್ಯಾಡ, ಹದಿನೈದು ನೂರು ಡಿಸ್ಕೌಂಟ್ ಮ್ಯಾಲ ಗ್ವಾಡಿ ಗಡಿಯಾರ ಫ್ರೀ ಅಂತ ತಗೊಂಡ್ರು. ಮೇ ಮೊದಲ ವಾರದಾಗ ಪಂಪ್ ಹೋಯ್ತು. ಅಂಗಡಿಗಿ ಹೋದ್ರ ಕಂಪನಿ ನಂಬರಿಗಿ ಹಚ್ರಿ, ನಂಬರಿಗಿ ಹಚ್ಚಿದ್ರ ಒಂದು ಒತ್ತಿರಿ ಎರಡು ಒತ್ತಿರಿ, ಆಮ್ಯಾಲ ನಿಮ್ಮ ಏರಿಯಾಕ್ಕ ಟೆಕ್ನಿಶಿಯನ್ ಅಸೈನ್ ಆಗ್ಯಾನ ಅಂತ ಮೆಸೇಜ್, ಟೆಕ್ನಿಶಿಯನ್ ಮಾತ್ರ ಇಲ್ಲ. ಕಡೀಕ ಮಾವನೇ ಗಂಜ್ ಕಡಿ ಹೋಗಿ ಪಂಪ್ ತಂದು ತಾವೇ ಕೂಡಿಸಿದ್ರು. ಗಡಿಯಾರ ಚಲೋ ನಡ್ದದ, ಅದಕ್ಕೇನ್ ಅನ್ನಂಗಿಲ್ಲ. ಇಂಥಾ ಫ್ರೀ ಸಾಮಾನಿಗೂ ಕಾಕಾ ಮಾಡೋದಕ್ಕೂ ಭಾಳ ಫರಕ ಅದ ಅಂತ ನನ್ನ ಅಭಿಪ್ರಾಯ. ಗಡಿಯಾರಕ್ಕೂ ಕೂಲರಿಗೂ ಏನ್ ಸಂಬಂಧ? ಡಿನ್ನರ್ ಸೆಟ್, ಬ್ಯಾಗ್, ಕುಕ್ಕರ್, ಇವೆಲ್ಲಾ ಡಿಸ್ಕೌಂಟೇ, ಬ್ಯಾರೆ ಡಬ್ಬಿ ಒಳಗ ಹಾಕಿ ಕೊಡ್ತಾರ ಅಷ್ಟೇ.

ಇನ್ನೊಂದು ಚಲೋ ವಿಷಯ ಮರ್ತಿದ್ದೆ. ರಿಪೇರಿಗಿ ಕೂಲರ್ ಅಂಗಡಿಗೇ ಒಯ್ಯೋದಾದ್ರ ಅಷ್ಟು ದಿನ ಇಡಾಕ ಹಳೆ ತಗಡಿನ ಕೂಲರ್ ಒಂದು ಕೊಟ್ಟು ಹೋಗ್ತಾರ. ಮೂರ್ನಾಕು ಇಟ್ಟಾರ ಹಂಗ, ಎಲ್ಲಾ ಎಕ್ಸ್‌ಚೇಂಜ್‌ದಾಗ ಬಂದ ಹಳೆ ಮಾಲು, ಬಣ್ಣ ಹಚ್ಚಿ ಮೋಟರ್ ರೆಡಿ ಮಾಡ್ಯಾರ. ಗುಜರಿಗಿ ಹಾಕಿದ್ರ ಏನ್ ಬರ್ತಿತ್ತು ಅವಕ್ಕ? ಸಣ್ಣ ಕೂಸು ಇದ್ದ ಮನಿಗಿ, ವಯಸ್ಸಾದೋರು ಇದ್ದ ಮನಿಗಿ ಮೇ ತಿಂಗಳದಾಗ ಅದು ಎಂಥಾ ಉಪಕಾರ ಅಂತ ಕಲಬುರಗ್ಯಾಗ ಇದ್ದೋರಿಗಿ ಬಿಡಿಸಿ ಹೇಳೋದು ಬ್ಯಾಡ.

ಏಸಿ ಬಗ್ಗೆನೂ ಕೇಳ್ದೆ, ಯಾಕಂದ್ರ 2025ರ ಸೆಪ್ಟೆಂಬರ್ 22ರಿಂದ ಏಸಿ ಮ್ಯಾಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗಿ ಇಳದದ, ನಿಮಗ ಹೊಡ್ತ ಬೀಳಂಗಿಲ್ಲೇನು ಅಂತ. ಬೀಳ್ತದ ಅಂದ್ರು ನೇರ. ಕಿಟಕಿ ಇಲ್ಲದ ಖೋಲಿ, ನಡು ಮನಿ ಇದ್ರ ಏಸಿನೇ ತಗೊಳ್ರಿ, ಕೂಲರ್ ಹಚ್ಚಿ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ ಅಂತ ಗಿರಾಕಿಗಿ ಅವರೇ ಹೇಳಿ ಕಳಸ್ತಾರ, ಏಸಿ ಅವರು ಮಾರಂಗಿಲ್ಲ ಮತ್ತ. ಆದ್ರ ಒಂದೂವರಿ ಟನ್ ಏಸಿ ಜೋರಾಗಿ ನಡೀವಾಗ ಹದಿನೈದು ನೂರು ವಾಟ್ ಹತ್ತಿರ ಎಳೀತದ, ನಮ್ಮ ಕೂಲರ್ ಇನ್ನೂರರ ಒಳಗ, ಕರೆಂಟ್ ಹೋದಾಗ ಮನಿ ಇನ್ವರ್ಟರ್ ಮ್ಯಾಲೇ ನಡೀತದ, ಅದು ನಮಗ ದೊಡ್ಡ ಮಾತು.

ಈಗ ಆ ಅರ್ಧ ಸ್ಟಾರ್. ಬಾಡಗಿ ಮನ್ಯಾಗ ಇರೋರು, ವರ್ಷಕ್ಕೊಂದು ಊರಿಗಿ ಟ್ರಾನ್ಸ್‌ಫರ್ ಆಗೋರು, ಸ್ವತಃ ಎಲ್ಲಾ ಬಿಚ್ಚಿ ಜೋಡ್ಸೋ ಕೈ ಇದ್ದೋರು, ಅವರಿಗಿ ಫೆಬ್ರವರಿ ಸರ್ವಿಸ್ ಏನ್ ಮಾಡೋದದ? ಸರ್ವಿಸ್ ಬ್ಯಾಡ, ಅಷ್ಟು ಕಡದು ಕೊಡ್ರಿ ಅಂದ್ರ ಕಾಕಾ ಒಪ್ಪಂಗಿಲ್ಲ. ಒಬ್ರಿಗಿ ಕಡದ್ರ ನಾಳೆ ಎಲ್ಲಾರೂ ಕಡೀರಿ ಅಂತಾರ ಅನ್ನೋದು ಅವರ ಮಾತು, ಇರಬಹುದು, ಆದ್ರ ಯುನಿವರ್ಸಿಟಿ ಕಡಿ ರೂಮ್ ಮಾಡ್ಕೊಂಡು ಓದೋ ಹುಡುಗೂರು ಇಲ್ಲಿಂದ ಬರಿಗೈಲೆ ಹೋಗೋದು ನಾನೇ ನೋಡೀನಿ. ಅವರಿಗೊಂದು ಸಾದಾ ರೇಟ್ ಇಟ್ರ ಏನೂ ಮುಳಗಂಗಿಲ್ಲ. ಇಎಂಐ ಇಲ್ಲ. ಮತ್ತ ಏಪ್ರಿಲ್‌ದಾಗ ಫಿಟಿಂಗಿಗಿ ನಾಳೆ ಬರ್ತಾರ ಅಂದ್ರ ನಾಡ್ದು ಅಂತ ತಿಳ್ಕೊಳ್ರಿ, ನಮ್ಮ ಓಣ್ಯಾಗಿನ ಎರಡನೇ ಆರ್ಡರ್ ಹಂಗೇ ಎರಡು ದಿನ ತಡ ಆಯ್ತು, ಫೋನ್ ಮಾಡಿ ತಿಳಸಲೂ ಇಲ್ಲ. ಸರ್ವಿಸ್ ಮ್ಯಾಲೇ ರೇಟ್ ನಿಂತದ ಅಂದ ಮ್ಯಾಲ ಇಂಥಾದು ಆಗಬಾರದು.

ಹೋಗೋರಿದ್ರ ಹೋಳಿಕಿಂತ ಮೊದಲು ಹೋಗ್ರಿ, ಮಧ್ಯಾಹ್ನ ಎರಡರಿಂದ ನಾಕರತನಕ ಶಟರ್ ಅರ್ಧ ಇಳಿಸಿರ್ತಾರ, ಸಂಜಿ ಆರರ ಮ್ಯಾಲ ಗದ್ದಲ. ಕಾರ್ ಗಲ್ಲಿ ಒಳಗ ಒಯ್ಯಬ್ಯಾಡ್ರಿ, ತಿರಗಂಗಿಲ್ಲ. ಖೋಲಿ ಅಳತಿ, ಕಿಟಕಿ ಅಳತಿ ಬರಕೊಂಡು ಹೋಗ್ರಿ, ಕಿಟಕೀದು ಒಳಗಿಂದೊಂದು ಹೊರಗಿಂದೊಂದು ಫೋಟೋ ಮೊಬೈಲ್‌ದಾಗ ಇರ್ಲಿ, ಅದಿಲ್ಲಂದ್ರ ಕಾಕಾ ಹೊಳ್ಳಿ ಕಳಸ್ತಾರ.